ನೀರಿನಲ್ಲಿ ಮುಳುಗಿಯೂ ನೆನೆಯದ ಉಡುಪು

ಜನವರಿ ತಿಂಗಳ ಬೆಳಗಿನ ಆರು ಗಂಟೆಗೆ ಬನಶಂಕರಿಯ ಬಸ್ ನಿಲ್ದಾಣದಲ್ಲಿ ನಿಂತವರನ್ನು ಗಮನಿಸಿ. ಮೈಗೊಂದು ಸ್ವೆಟರ್, ತಲೆಗೊಂದು ಮಫ್ಲರ್. ಅಷ್ಟಿದ್ದರೆ 16 ಡಿಗ್ರಿಯ ಚಳಿ ಅವರನ್ನು ಏನೂ ಮಾಡುವುದಿಲ್ಲ. ಅದೇ ಹೊತ್ತಿನಲ್ಲಿ, ನೀರು ಕಾಯಿಸುವ ತಾಳ್ಮೆಯಿಲ್ಲದೆ ತಾರಸಿಯ ತೊಟ್ಟಿಯ ನೀರನ್ನು ಒಂದು ಚೊಂಬು ಮೈಮೇಲೆ ಸುರಿದುಕೊಂಡ ಹುಡುಗನ ಉಸಿರು ಕ್ಷಣಕಾಲ ಕಟ್ಟಿಬಿಡುತ್ತದೆ. ತೊಟ್ಟಿಯ ನೀರು ಹೊರಗಿನ ಗಾಳಿಗಿಂತ ತಂಪಾಗಿರಬೇಕೆಂದೇನೂ ಇಲ್ಲ. ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡಿರುವುದರಿಂದ ಅದು ಎಷ್ಟೋ ಸಲ ಒಂದೆರಡು ಡಿಗ್ರಿ ಬೆಚ್ಚಗೇ ಇರುತ್ತದೆ. ಹಾಗಿದ್ದೂ ಗಾಳಿ ಕೊಡದ ಪೆಟ್ಟನ್ನು ನೀರು ಕೊಡುವುದೇಕೆ?

ಕಾರಣ ಎರಡು. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 24 ಪಟ್ಟು ಹೆಚ್ಚು. ಮೈಯ ಶಾಖವನ್ನು ಅದು ಗಾಳಿಗಿಂತ ಅಷ್ಟು ಬೇಗ ಸೆಳೆದುಕೊಳ್ಳಬಲ್ಲದು. ಇನ್ನೊಂದು, ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ ಒಂದು ಲೀಟರ್ ಗಾಳಿಗೆ ಬೇಕಾಗುವುದರ ಸುಮಾರು 3,500 ಪಟ್ಟು. ಮೈಸುತ್ತಲಿನ ಗಾಳಿಯನ್ನು ನಮ್ಮ ದೇಹ ಸುಲಭವಾಗಿ ಬೆಚ್ಚಗೆ ಮಾಡಿಕೊಳ್ಳುತ್ತದೆ. ಸುತ್ತಲಿನ ಸಮುದ್ರವನ್ನು ಬೆಚ್ಚಗೆ ಮಾಡುತ್ತೇನೆಂದು ಹೊರಟರೆ ದಿವಾಳಿಯಾಗುವುದು ದೇಹವೇ.

ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಡ್ರೈಸೂಟ್ ಎಂಬ ವಿಚಿತ್ರ ಉಡುಪಿನ ಕಥೆ ಅರ್ಧ ಅರ್ಥವಾದಂತೆ. ಹೆಸರೇ ಹೇಳುವ ಹಾಗೆ ಇದು ಒಣ ಉಡುಪು. ಮುಳುಗುಗಾರ ನೀರಿನೊಳಗೆ ಒಂದು ತಾಸು ಕಳೆದು ಬಂದರೂ ಒಳಗಿನ ಬನಿಯನ್ ಒದ್ದೆಯಾಗಬಾರದು. ಪರದೆಯ ಮೇಲೆ ಈ ಉಡುಪನ್ನು ತೋರಿಸಬಹುದು, ತೊಟ್ಟವರನ್ನು ಮಾತನಾಡಿಸಬಹುದು. ಆದರೆ ಅದರ ಹಿಂದಿನ ಲೆಕ್ಕವನ್ನು ಅರ್ಧ ಗಂಟೆಯ ಮಾತುಕತೆಯಲ್ಲಿ ಬಿಡಿಸಿ ತೋರಿಸುವುದು ಕಷ್ಟ. ಕಾಗದ ಪೆನ್ಸಿಲ್ ಹಿಡಿದು ಕೂರಬಲ್ಲ ಓದುಗರಿಗಾಗಿ ಅದನ್ನು ಈ ಪುಟಗಳಿಗೆ ಉಳಿಸಿಕೊಂಡಿದ್ದೇವೆ.

ಮೊದಲು ನಮ್ಮ ಕರಾವಳಿಗೆ ಬರೋಣ. ಕರ್ನಾಟಕದಲ್ಲಿ ಸ್ಕೂಬಾ ಮುಳುಗು ಎಂದರೆ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಸಿಗುವ ಈ ನಡುಗಡ್ಡೆಯನ್ನು ಪಾರಿವಾಳಗಳ ದ್ವೀಪವೆಂದೂ ಕರೆಯುತ್ತಾರೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಅಲ್ಲಿ ಮುಳುಗುವ ಕಾಲ ಆರಂಭ. ಹವಳ, ಬಣ್ಣಬಣ್ಣದ ಮೀನು, ಅದೃಷ್ಟವಿದ್ದರೆ ಆಮೆ ಕಣ್ಣಿಗೆ ಬೀಳುತ್ತವೆ. ನೀರು 26ರಿಂದ 30 ಡಿಗ್ರಿ. ಮೂರು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಅಲ್ಲಿಗೆ ಧಾರಾಳ. ನೇತ್ರಾಣಿಗೆ ಡ್ರೈಸೂಟ್ ತೊಟ್ಟು ಹೋಗುವುದು ಮೇ ತಿಂಗಳ ರಾಯಚೂರಿನಲ್ಲಿ ಕಂಬಳಿ ಹೊದ್ದು ನಡೆದ ಹಾಗೆ.

ವೆಟ್‌ಸೂಟ್ ಹೇಗೆ ಕೆಲಸ ಮಾಡುತ್ತದೆ? ಅದರ ವಸ್ತು ನಿಯೋಪ್ರೀನ್. 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವಾಲೆಸ್ ಕ್ಯಾರದರ್ಸ್ ಅವರ ತಂಡ ತಯಾರಿಸಿದ ಕೃತಕ ರಬ್ಬರ್ ಅದು. ಅದನ್ನು ನೊರೆಯಂತೆ ಉಬ್ಬಿಸಿ ಹಾಳೆ ಮಾಡಿದರೆ ಒಳಗೆ ಲಕ್ಷಾಂತರ ಅನಿಲದ ಗುಳ್ಳೆಗಳು ಉಳಿಯುತ್ತವೆ, ಅವೇ ಶಾಖವನ್ನು ತಡೆಯುತ್ತವೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ ಇದರಿಂದ ಮುಳುಗುವವರಿಗೆ ಉಡುಪು ಮಾಡಬಹುದೆಂದು ತೋರಿಸಿದರು. ಮೈ ಒದ್ದೆಯಾದರೇನಂತೆ, ಒಳಗೆ ಸೇರಿದ ತೆಳುವಾದ ನೀರಿನ ಪದರ ಅಲ್ಲೇ ನಿಂತುಬಿಟ್ಟರೆ ಸಾಕು ಎನ್ನುವುದು ಅವರ ವಿಚಾರ. ನಿಂತ ನೀರು ಬೆಚ್ಚಗಾಗುತ್ತದೆ, ಹರಿಯುವ ನೀರು ಬೆಚ್ಚಗಾಗದು.

ಇದಕ್ಕೊಂದು ಮಿತಿಯಿದೆ. ಆಳಕ್ಕೆ ಇಳಿದಂತೆ ಒತ್ತಡ ಹೆಚ್ಚಿ ನಿಯೋಪ್ರೀನಿನ ಗುಳ್ಳೆಗಳು ಕುಗ್ಗುತ್ತವೆ. ಮೇಲೆ ದಪ್ಪಗಿದ್ದ ಉಡುಪು ಕೆಳಗೆ ತೆಳ್ಳಗಾಗುತ್ತದೆ. ನೀರು ಹೆಚ್ಚು ತಣ್ಣಗಿರುವ ಜಾಗದಲ್ಲೇ ರಕ್ಷಣೆ ಕಡಿಮೆಯಾಗುತ್ತದೆ ಎಂದಾಯಿತು. ನೀರು 15 ಡಿಗ್ರಿಗಿಂತ ಕೆಳಗಿಳಿದರೆ ಅನೇಕರು ಡ್ರೈಸೂಟಿನ ಕಡೆ ನೋಡುತ್ತಾರೆ. 10 ಡಿಗ್ರಿಗಿಂತ ಕೆಳಗೆ ಅದು ಬಹುಮಟ್ಟಿಗೆ ಅನಿವಾರ್ಯ.

ಹಾಗಾದರೆ ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಜಯನಗರ, ಬನಶಂಕರಿಯ ಯಾವ ಬೀದಿಗೆ ಹೋದರೂ ಮಗನೋ ಮಗಳೋ ಪರದೇಶದಲ್ಲಿರುವ ಮನೆಯೊಂದು ಸಿಗುತ್ತದೆ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್, ಸಾನ್ ಫ್ರಾನ್ಸಿಸ್ಕೋದಿಂದ ಒಂದೆರಡು ತಾಸಿನ ದಾರಿಯ ಮಾಂಟೆರೆ ಕೊಲ್ಲಿ, ಸ್ಕಾಟ್ಲೆಂಡಿನ ಕಡಲು, ಇವೆಲ್ಲ ಕನ್ನಡ ಕುಟುಂಬಗಳು ನೆಲೆಸಿರುವ ಊರುಗಳಿಗೆ ದೂರವಲ್ಲದ ತಣ್ಣೀರಿನ ಮುಳುಗುತಾಣಗಳು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ಜಾಗವಿದೆ. ಒಂದನೇ ಮಹಾಯುದ್ಧದಲ್ಲಿ ಸೋತು ಬಂಧನದಲ್ಲಿದ್ದ ಜರ್ಮನ್ ನೌಕಾಪಡೆ 1919ರ ಜೂನ್ 21ರಂದು ತನ್ನ ಹಡಗುಗಳನ್ನು ತಾನೇ ಮುಳುಗಿಸಿದ್ದು ಅಲ್ಲಿ. ಒಂದೇ ದಿನ 52 ಹಡಗುಗಳು ತಳ ಸೇರಿದವು, ಉಳಿದ ಕೆಲವನ್ನು ಇಂದಿಗೂ ಮುಳುಗಿ ನೋಡಬಹುದು. ಐಸ್‌ಲೆಂಡಿನ ಸಿಲ್‌ಫ್ರಾ ಬಿರುಕಿನಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಹಿಮನದಿಯ ನೀರು ಲಾವಾ ಶಿಲೆಯೊಳಗೆ ದಶಕಗಳ ಕಾಲ ಸೋಸಿ ಬರುವುದರಿಂದ ಅಲ್ಲಿ ನೂರು ಮೀಟರ್ ದೂರ ಕಾಣಿಸುತ್ತದೆ. ಡ್ರೈಸೂಟ್ ಬಳಕೆಯ ತರಬೇತಿ ಅಥವಾ ಅನುಭವದ ದಾಖಲೆ ತೋರಿಸದವರಿಗೆ ಅಲ್ಲಿ ಸ್ಕೂಬಾ ಮುಳುಗಲು ಅವಕಾಶವಿಲ್ಲ.

ನಮ್ಮ ದೇಶದಲ್ಲೂ ತಣ್ಣೀರಿಗೆ ಬರವಿಲ್ಲ. 2021ರ ಫೆಬ್ರವರಿಯಲ್ಲಿ ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ಬಂದಾಗ ಋಷಿಗಂಗೆಯ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟಿಕೊಂಡ ಸರೋವರ ಒಡೆಯುವುದೇ ಎಂಬ ಆತಂಕವಿತ್ತು. ನೌಕಾಪಡೆಯ ಮುಳುಗುಗಾರರು ಸುಮಾರು 14,000 ಅಡಿ ಎತ್ತರದ ಆ ಜಾಗಕ್ಕೆ ಹೆಲಿಕಾಪ್ಟರಿನಲ್ಲಿ ಹೋಗಿ, ಮಂಜಿನಷ್ಟು ತಣ್ಣಗಿನ ನೀರಿಗಿಳಿದು, ಕೈಯಲ್ಲಿ ಹಿಡಿಯುವ ಉಪಕರಣದಿಂದ ಆಳ ಅಳೆದರು. ಕೆಳಗಿನ ಹಳ್ಳಿಗಳ ಜನರನ್ನು ಏನು ಮಾಡಬೇಕೆಂಬ ನಿರ್ಧಾರಕ್ಕೆ ಆ ಅಳತೆ ಬೇಕಿತ್ತು. ಇಂತಹ ನೀರಿನಲ್ಲಿ ಬೆರಳು ಮರಗಟ್ಟಿದರೆ ಉಪಕರಣ ಕೈಜಾರುತ್ತದೆ. ಮೊದಲ ಒಂದೆರಡು ನಿಮಿಷದಲ್ಲಿ ಉಸಿರು ತಾನಾಗಿ ಏದುತ್ತದೆ, ಬಾಯಿಗೆ ನೀರು ನುಗ್ಗಲು ಅಷ್ಟು ಸಾಕು. ದೇಹದ ಒಳಗಿನ ಉಷ್ಣತೆ 37ರಿಂದ 35 ಡಿಗ್ರಿಗಿಂತ ಕೆಳಗಿಳಿದರೆ ವಿವೇಚನೆಯೇ ಮಂಕಾಗುತ್ತದೆ.

ಇನ್ನು ಉಡುಪಿನ ಒಳಗೆ ನೋಡೋಣ. ಡ್ರೈಸೂಟ್ ಎಂದರೆ ಪಾದದಿಂದ ಕುತ್ತಿಗೆಯವರೆಗೆ ಒಂದೇ ತುಂಡಾದ, ನೀರು ನುಗ್ಗದ ಚೀಲ. ಮಣಿಕಟ್ಟು ಮತ್ತು ಕುತ್ತಿಗೆಯ ಬಳಿ ಚರ್ಮಕ್ಕೆ ಅಂಟಿ ಕೂರುವ ಪಟ್ಟಿಗಳು. ಭುಜದ ಹಿಂದೆ ಅಡ್ಡಲಾಗಿ ಅಥವಾ ಎದೆಯ ಮೇಲೆ ಓರೆಯಾಗಿ ನೀರು ಬಿಗಿಯುವ ಝಿಪ್. ಎದೆಯ ಮೇಲೆ ಗಾಳಿ ತುಂಬುವ ಕವಾಟ, ಎಡತೋಳಿನ ಮೇಲ್ಭಾಗದಲ್ಲಿ ಗಾಳಿ ಬಿಡುವ ಕವಾಟ. ಬೆನ್ನ ಮೇಲಿನ ಸಿಲಿಂಡರಿನಿಂದ ಒಂದು ಸಣ್ಣ ಕೊಳವೆ ಎದೆಯ ಕವಾಟಕ್ಕೆ ಬಂದು ಸೇರುತ್ತದೆ. ಮುಳುಗುವವನು ಉಸಿರಾಡುವುದಷ್ಟೇ ಅಲ್ಲ, ತನ್ನ ಉಡುಪಿಗೂ ಗಾಳಿ ಕುಡಿಸುತ್ತಿರಬೇಕು! ಇದೇಕೆಂದು ತಿಳಿಯಲು ಒಂದು ಲೆಕ್ಕ ಮಾಡೋಣ.

ಬಾಯ್ಲ್ ನಿಯಮ ನಿಮಗೆ ಗೊತ್ತಿದೆ. ಉಷ್ಣತೆ ಬದಲಾಗದಿದ್ದರೆ, ಅನಿಲದ ಒತ್ತಡವನ್ನೂ ಗಾತ್ರವನ್ನೂ ಗುಣಿಸಿದಾಗ ಬರುವ ಮೊತ್ತ ಸ್ಥಿರ. ನೀರಿನ ಮೇಲ್ಮೈಯಲ್ಲಿ ಒತ್ತಡ 1 ವಾಯುಭಾರ. ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದು ವಾಯುಭಾರ ಸೇರುತ್ತದೆ. ಮೇಲಿರುವಾಗ ಉಡುಪಿನೊಳಗೆ 8 ಲೀಟರ್ ಗಾಳಿ ಇದೆ ಎಂದುಕೊಳ್ಳಿ. 10 ಮೀಟರಿನಲ್ಲಿ ಒತ್ತಡ 2 ಆದಾಗ ಅದು 4 ಲೀಟರ್, 30 ಮೀಟರಿನಲ್ಲಿ ಒತ್ತಡ 4 ಆದಾಗ ಬರೀ 2 ಲೀಟರ್. ಉಡುಪು ಮೈಯನ್ನು ಹಿಂಡತೊಡಗುತ್ತದೆ. ಅದರ ಮಡಿಕೆಗಳು ಚರ್ಮವನ್ನು ಚಿವುಟಿ ಬಾಸುಂಡೆ ಎಬ್ಬಿಸುತ್ತವೆ. ಜೊತೆಗೆ ಆರ್ಕಿಮಿಡೀಸನೂ ಬಂದು ಸೇರುತ್ತಾನೆ. 6 ಲೀಟರ್ ಗಾತ್ರ ಕಡಿಮೆಯಾದದ್ದರಿಂದ ಸುಮಾರು 6 ಕಿಲೋಗ್ರಾಂನಷ್ಟು ತೇಲುವ ಬಲ ಹೋಯಿತು. ಮನುಷ್ಯ ಕಲ್ಲಿನಂತೆ ಕೆಳಗಿಳಿಯತೊಡಗುತ್ತಾನೆ. ಅದಕ್ಕೇ ಇಳಿಯುವಾಗ ಆಗಾಗ ಗಾಳಿ ಸೇರಿಸಿ 8 ಲೀಟರನ್ನು 8 ಲೀಟರಾಗಿಯೇ ಉಳಿಸಿಕೊಳ್ಳಬೇಕು.

ಈಗ ಮೇಲೆ ಬರುವ ಲೆಕ್ಕ, ನಿಜವಾದ ಅಪಾಯ ಇರುವುದು ಇಲ್ಲಿ. 30 ಮೀಟರಿನಲ್ಲಿ 8 ಲೀಟರ್ ಇದ್ದ ಗಾಳಿಯನ್ನು ಬಿಡದೆ ಮೇಲೆ ಬಂದರೆ 20 ಮೀಟರಿನಲ್ಲಿ ಅದು ಸುಮಾರು 10.7 ಲೀಟರ್, 10 ಮೀಟರಿನಲ್ಲಿ 16 ಲೀಟರ್, ಮೇಲ್ಮೈಯಲ್ಲಿ 32 ಲೀಟರ್. ಮೊದಲ 10 ಮೀಟರಿನಲ್ಲಿ ಮೂರು ಲೀಟರೂ ಹೆಚ್ಚಲಿಲ್ಲ, ಕೊನೆಯ 10 ಮೀಟರಿನಲ್ಲಿ 16 ಲೀಟರ್ ಹೆಚ್ಚಿತು! ಉಬ್ಬಿದ ಉಡುಪು ಮನುಷ್ಯನನ್ನು ಮೇಲಕ್ಕೆಳೆಯುತ್ತದೆ, ಮೇಲೇರಿದಷ್ಟೂ ಇನ್ನಷ್ಟು ಉಬ್ಬುತ್ತದೆ, ಉಬ್ಬಿದಷ್ಟೂ ವೇಗ ಏರುತ್ತದೆ. ಹೀಗೆ ಬಾಣದಂತೆ ಮೇಲೆ ಬಂದವನ ರಕ್ತದಲ್ಲಿ ಕರಗಿದ್ದ ಸಾರಜನಕ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಟ್ಟಬಹುದು. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶವೇ ಹರಿಯಬಹುದು.

ತೋಳಿನ ಮೇಲಿನ ಕವಾಟ ಇರುವುದು ಇದಕ್ಕಾಗಿ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಓಡುತ್ತದೆ, ಆದ್ದರಿಂದ ಮೇಲೆ ಬರುವಾಗ ಎಡತೋಳನ್ನು ಎತ್ತಿದರೆ ಅದು ಹೊರಹೋಗುತ್ತದೆ. ಆದರೆ ಕಾಲು ಮೇಲೆ ತಲೆ ಕೆಳಗಾದರೆ? ಗಾಳಿಯೆಲ್ಲ ಪಾದಗಳಿಗೆ ನುಗ್ಗುತ್ತದೆ, ಕವಾಟ ಕೆಳಗುಳಿಯುತ್ತದೆ, ಕಾಲುಗಳು ಬಲೂನಿನಂತೆ ಉಬ್ಬಿ ಮುಳುಗುಗಾರನನ್ನು ತಲೆಕೆಳಗಾಗಿಯೇ ಎತ್ತಿಕೊಂಡು ಹೋಗುತ್ತವೆ. ಮಂಡಿ ಮಡಿಸಿ, ಲಾಗ ಹೊಡೆದು, ತಲೆ ಮೇಲೆ ಮಾಡಿಕೊಳ್ಳುವುದನ್ನು ಆಳ ಕಡಿಮೆಯಿರುವ ಕೊಳದಲ್ಲಿ ಶಿಕ್ಷಕರ ಎದುರು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಯಾರಾದರೂ ನಿಮಗೆ ತಮ್ಮ ಹಳೆಯ ಡ್ರೈಸೂಟ್ ಕೊಟ್ಟು "ತೊಟ್ಟುಕೊಂಡು ಇಳಿ, ಏನಾಗುವುದಿಲ್ಲ" ಎಂದರೆ ಬೇಡವೆನ್ನಿ.

ಆಯ್ಕೆಯ ವಿಚಾರ

ಅಂಗಡಿಯವರು ಮೊದಲು ಹೊರಗಿನ ಬಟ್ಟೆಯ ಬಗ್ಗೆ ಮಾತಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಒಳಉಡುಪಿನ ಬಗ್ಗೆ. ಏಕೆಂದರೆ ತೆಳುವಾದ ಡ್ರೈಸೂಟ್ ತಾನಾಗಿ ಹೆಚ್ಚೇನೂ ಬೆಚ್ಚಗಿಡುವುದಿಲ್ಲ. ಅದು ನೀರನ್ನು ಹೊರಗಿಡುತ್ತದೆ, ಅಷ್ಟೆ. ಬೆಚ್ಚಗಿಡುವುದು ಒಳಗಿನ ಉಡುಪಿನ ಎಳೆಗಳ ನಡುವೆ ಸಿಕ್ಕಿಬಿದ್ದ, ಅಲುಗಾಡದ ಗಾಳಿ. ಚಳ್ಳಕೆರೆಯ ಕುರಿಯ ಕಂಬಳಿ ಮಾಡುವ ಕೆಲಸವೂ ಅದೇ. ಮಲೆನಾಡಿನ ರೈತ ಕಂಬಳಿಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲಿ ನಾಟಿ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಉಣ್ಣೆ ಸ್ವಲ್ಪ ತೇವವಾದರೂ ತನ್ನ ಗಾಳಿಯನ್ನು ಬಿಟ್ಟುಕೊಡುವುದಿಲ್ಲ. ಹತ್ತಿ ಹಾಗಲ್ಲ, ಬೆವರನ್ನು ಹೀರಿ ಮೈಗಂಟಿ ತಣ್ಣಗೆ ಕೊರೆಯುತ್ತದೆ. ಆದ್ದರಿಂದ ಡ್ರೈಸೂಟಿನೊಳಗೆ ಹತ್ತಿಯ ಬನಿಯನ್ ಬೇಡ. ಉಣ್ಣೆ, ಫ್ಲೀಸ್ ಅಥವಾ ಅದಕ್ಕೆಂದೇ ಮಾಡಿದ ಕೃತಕ ನಾರಿನ ಹೊದಿಕೆ ಇರಬೇಕು. ತೊಡುವ ಒಳಉಡುಪು ಎಷ್ಟು ದಪ್ಪವೆಂದು ತೀರ್ಮಾನಿಸಿ, ಅದನ್ನು ಹಾಕಿಕೊಂಡೇ ಹೊರಉಡುಪಿನ ಅಳತೆ ನೋಡಬೇಕು.

ಹೊರಉಡುಪಿನಲ್ಲಿ ಮೂರು ಬಗೆ ಮುಖ್ಯ. ಎರಡು ನೈಲಾನ್ ಅಥವಾ ಪಾಲಿಯೆಸ್ಟರ್ ಪದರಗಳ ನಡುವೆ ಬ್ಯುಟೈಲ್ ರಬ್ಬರ್ ಇಟ್ಟು ಒತ್ತಿದ ಮೂರು ಪದರದ ಬಟ್ಟೆ ಮೊದಲನೆಯದು. ಹಗುರ, ಬೇಗ ಒಣಗುತ್ತದೆ, ಆಳಕ್ಕೆ ಹೋದರೂ ಅದರ ಗುಣ ಬದಲಾಗದು. ವಿಮಾನದಲ್ಲಿ ಸಾಮಾನಿನ ತೂಕ ಎಣಿಸುವ ವಿದ್ಯಾರ್ಥಿಗೆ ಇದೇ ಸರಿ. ನಿಯೋಪ್ರೀನ್ ಬಗೆಯದು ತಾನೇ ಬೆಚ್ಚಗಿರುತ್ತದೆ, ಮೈಗೆ ಒಗ್ಗಿಕೊಳ್ಳುತ್ತದೆ. ಆದರೆ ಭಾರ, ಒಣಗುವುದು ನಿಧಾನ, ಆಳದಲ್ಲಿ ತೆಳ್ಳಗಾಗುವ ಹಳೆಯ ದೋಷವೂ ಇದೆ. ಮೊದಲೇ ಒತ್ತಿ ಗುಳ್ಳೆ ಕುಗ್ಗಿಸಿದ ನಿಯೋಪ್ರೀನಿನಲ್ಲಿ ಆ ದೋಷ ಬಹಳ ಕಡಿಮೆ, ಬೆಲೆ ಮಾತ್ರ ಹೆಚ್ಚು.

ಮೂರನೆಯದು ಪೂರ್ತಿ ಗಂಧಕ ಬೆರೆಸಿ ಹದಗೊಳಿಸಿದ ರಬ್ಬರಿನದು. ಇದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ನುಣುಪಾದ ಇದರ ಹೊರಮೈಗೆ ಕೊಳೆ ಅಂಟುವುದಿಲ್ಲ, ಅಂಟಿದರೂ ತೊಳೆದು ಹೋಗುತ್ತದೆ. ಅದಕ್ಕೇ ಹೊರದೇಶಗಳಲ್ಲಿ ಚರಂಡಿ ನೀರು, ರಾಸಾಯನಿಕ ಸೇರಿದ ಬಂದರಿನ ನೀರಿಗಿಳಿಯುವ ಪೊಲೀಸ್ ಮತ್ತು ರಕ್ಷಣಾ ಮುಳುಗುಗಾರರು ಇದನ್ನು ತೊಡುತ್ತಾರೆ. ಅಲ್ಲಿ ಶತ್ರು ಚಳಿಯಲ್ಲ, ರೋಗಾಣು ಮತ್ತು ವಿಷ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನೂ, 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದದ್ದನ್ನೂ ನೆನೆಸಿಕೊಳ್ಳಿ. ಯಾರೋ ಕೆರೆಗೆ ಬಿದ್ದಾಗ, ಕಲ್ಲುಗಣಿಯ ಹೊಂಡದಲ್ಲಿ ಹುಡುಗ ಮುಳುಗಿದಾಗ, ಈಜು ಬಲ್ಲ ಒಬ್ಬ ಸ್ಥಳೀಯ ಬರಿಮೈಯಲ್ಲಿ, ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು ಇಳಿಯುವ ದೃಶ್ಯ ನಮ್ಮ ಸುದ್ದಿಗಳಲ್ಲಿ ಎಷ್ಟು ಸಲ ಬಂದಿದೆ! ಚರಂಡಿ, ಶೌಚಗುಂಡಿಗಳಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆ ಮೇಲೂ ಸಾವುಗಳು ನಿಂತಿಲ್ಲ. ನಮ್ಮ ನಗರದಲ್ಲಿ ಒಣ ಉಡುಪು ಮೊದಲು ಸಿಗಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಪ್ರವಾಸಿಗೆ ಎಂದಲ್ಲ.

ಎಲ್ಲ ಅಪಾಯಕ್ಕೂ ಒಂದೇ ಉಡುಪು ಮದ್ದು ಎಂದೂ ತಿಳಿಯಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಗಂಗಾವಳಿ ನದಿಯ ಪಾಲಾದಾಗ ಮುಳುಗುಗಾರರನ್ನು ತಡೆದದ್ದು ನೀರಿನ ಸೆಳೆತ ಮತ್ತು ಕೆಸರು. ಗಾಳಿ ತುಂಬಿದ ಉಡುಪು ಅಂತಹ ಪ್ರವಾಹದಲ್ಲಿ ಹಾಯಿಯಂತೆ ಹಿಡಿದು ಎಳೆಯುತ್ತದೆ, ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು.

ಕುತ್ತಿಗೆ ಮತ್ತು ಮಣಿಕಟ್ಟಿನ ಪಟ್ಟಿಗಳ ವಿಷಯಕ್ಕೆ ಬಂದರೆ ಅವು ಲ್ಯಾಟೆಕ್ಸ್, ಸಿಲಿಕೋನ್ ಅಥವಾ ನಿಯೋಪ್ರೀನಿನವು. ಲ್ಯಾಟೆಕ್ಸ್ ಎಂದರೆ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬೆಳಗಿನ ಜಾವ ಮರ ಗೀರಿ ಚಿಪ್ಪಿನಲ್ಲಿ ಹಿಡಿಯುತ್ತಾರಲ್ಲ, ಅದೇ ರಬ್ಬರ್ ಹಾಲು. ಚೆನ್ನಾಗಿ ಹಿಗ್ಗುತ್ತದೆ, ಚರ್ಮಕ್ಕೆ ಬಿಗಿಯಾಗಿ ಕೂರುತ್ತದೆ, ಅಗ್ಗ. ಆದರೆ ಉಗುರು ತಾಗಿದರೆ ಹರಿಯುತ್ತದೆ, ಕೆಲವರ ಮೈಗೆ ಒಗ್ಗುವುದಿಲ್ಲ. ಸಿಲಿಕೋನಿಗೆ ಒಗ್ಗದಿಕೆಯ ತೊಂದರೆ ಇಲ್ಲ. ಉಂಗುರದ ಜೋಡಣೆಯಿದ್ದರೆ ಹರಿದದ್ದನ್ನು ದಡದಲ್ಲೇ ಬದಲಾಯಿಸಬಹುದು. ನಿಯೋಪ್ರೀನ್ ಗಟ್ಟಿ, ಬೆಚ್ಚಗೆ, ಒಂದಿಷ್ಟು ನೀರು ಜಿನುಗಿದರೆ ಸಹಿಸಿಕೊಳ್ಳಬೇಕು. ಯಾವುದನ್ನೇ ಆರಿಸಿ, ಕುತ್ತಿಗೆಯ ಪಟ್ಟಿ ಬಿಗಿಯಾದಷ್ಟೂ ಒಳ್ಳೆಯದೆಂಬ ಭಾವನೆ ಬೇಡ. ಕುತ್ತಿಗೆಯ ಎರಡು ಪಕ್ಕಗಳಲ್ಲಿ ಮೆದುಳಿಗೆ ರಕ್ತ ಒಯ್ಯುವ ಧಮನಿಗಳಿವೆ, ಅಲ್ಲಿ ರಕ್ತದ ಒತ್ತಡವನ್ನು ಅರಿಯುವ ನರತಾಣಗಳಿವೆ. ಹೊರಗಿನಿಂದ ಅವುಗಳನ್ನು ಅದುಮಿದರೆ ರಕ್ತದೊತ್ತಡ ಏರಿದೆ ಎಂದು ಮೆದುಳು ತಪ್ಪು ತಿಳಿದು ಹೃದಯದ ಬಡಿತವನ್ನು ತಗ್ಗಿಸುತ್ತದೆ. ತಲೆ ಸುತ್ತಿ ಪ್ರಜ್ಞೆ ತಪ್ಪಬಹುದು. ಇದು ನೆಲದ ಮೇಲೆ ಆದರೆ ಯಾರಾದರೂ ಹಿಡಿದುಕೊಳ್ಳುತ್ತಾರೆ.

ಅಳತೆ ನೋಡುವ ಕ್ರಮ ಸರಳ. ಒಳಉಡುಪಿನ ಸಮೇತ ತೊಟ್ಟು, ಝಿಪ್ ಎಳೆದು, ಕುಕ್ಕರುಗಾಲಿನಲ್ಲಿ ಕುಳಿತು ಒಳಗಿನ ಗಾಳಿಯನ್ನು ಹೊರದೂಡಿ. ನಂತರ ಎದ್ದು ಎರಡೂ ಕೈಗಳನ್ನು ತಲೆಯ ಮೇಲೆತ್ತಿ. ಸಿಲಿಂಡರಿನ ಕವಾಟವಿರುವ ಜಾಗಕ್ಕೆ, ಅಂದರೆ ಕುತ್ತಿಗೆಯ ಹಿಂಭಾಗಕ್ಕೆ ಕೈ ತಲುಪಬೇಕು. ಎರಡೂ ಕೈಗಳನ್ನು ಅಡ್ಡ ಹಾಕಿ ನಿಮ್ಮನ್ನೇ ತಬ್ಬಿಕೊಳ್ಳಿ, ಬೆನ್ನು ಬಿಗಿಯಬಾರದು. ತೊಡೆಸಂದಿನ ಭಾಗ ಕೆಳಗೆ ಜೋತಿದ್ದರೆ ಕಾಲು ಬಡಿಯಲು ಆಗುವುದಿಲ್ಲ. ಪಾದದ ಬಳಿ ಸಡಿಲವಾಗಿದ್ದರೆ ಹಿಂದೆ ಹೇಳಿದ ಬಲೂನಿನ ಕಥೆ. ತಲೆಗೆ ನಿಯೋಪ್ರೀನ್ ಟೋಪಿ, ಕೈಗೆ ಕೈಚೀಲ ಬೇರೆಯಾಗಿಯೇ ಬೇಕು.

ಒಂದು ಸಂಕೋಚದ ವಿಷಯ. ತಣ್ಣೀರಿನಲ್ಲಿ ಕೈಕಾಲಿನ ರಕ್ತ ದೇಹದ ನಡುವಿಗೆ ಸರಿಯುವುದರಿಂದ ಮೂತ್ರ ಬೇಗ ಬರುತ್ತದೆ. ದೀರ್ಘಕಾಲ ಮುಳುಗುವವರ ಉಡುಪಿನಲ್ಲಿ ಅದಕ್ಕೊಂದು ಕವಾಟವನ್ನೇ ಇಟ್ಟಿರುತ್ತಾರೆ. ನೀರು ಕುಡಿಯದೆ ಇಳಿಯುವುದು ಇದಕ್ಕೆ ಪರಿಹಾರವಲ್ಲ, ಅದು ಅಪಾಯಕಾರಿ.

ಉಡುಪಿಗೆ ಆರ್ಗಾನ್ ಅನಿಲ ತುಂಬುವವರೂ ಇದ್ದಾರೆ. ಅದರ ಉಷ್ಣವಾಹಕತೆ ಗಾಳಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಹೀಲಿಯಂ ಇದಕ್ಕೆ ತದ್ವಿರುದ್ಧ, ಗಾಳಿಗಿಂತ ಆರು ಪಟ್ಟು ವೇಗವಾಗಿ ಶಾಖ ಒಯ್ಯುತ್ತದೆ. ಬಹಳ ಆಳಕ್ಕೆ ಹೋಗುವವರು ಹೀಲಿಯಂ ಬೆರೆತ ಅನಿಲವನ್ನು ಉಸಿರಾಡುತ್ತಾರೆ, ಉಡುಪಿಗೆ ಮಾತ್ರ ಅದನ್ನು ತುಂಬುವುದಿಲ್ಲ. ಕಾರಣ ಈಗ ನಿಮಗೇ ಗೊತ್ತು. ಹೊಸಬರಿಗೆ ಆರ್ಗಾನಿನ ಖರ್ಚು ಬೇಕಿಲ್ಲ, ಆ ಹಣದಲ್ಲಿ ಒಳ್ಳೆಯ ಒಳಉಡುಪು ಬರುತ್ತದೆ.

ಬೆಲೆಯ ಮಾತು ಬಂತು. ಒಳ್ಳೆಯ ಡ್ರೈಸೂಟ್ ಲಕ್ಷ ರೂಪಾಯಿಗೂ ಮೀರುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಮುಳುಗುವವರು ಬಾಡಿಗೆಗೆ ಪಡೆಯುವುದೇ ಜಾಣತನ. ತರಬೇತಿಯ ಕಾಲದಲ್ಲಿ ಎರಡು ಮೂರು ಬಗೆಗಳನ್ನು ತೊಟ್ಟು ನೋಡಿದರೆ ಯಾವುದು ತಮಗೆ ಒಗ್ಗುತ್ತದೆಂದು ಮೈಯೇ ಹೇಳುತ್ತದೆ. ಹಳೆಯ ಉಡುಪನ್ನು ಕೊಳ್ಳುವುದಾದರೆ ಝಿಪ್ಪನ್ನು ಮೊದಲು ನೋಡಿ, ಅದನ್ನು ಬದಲಾಯಿಸುವ ಖರ್ಚು ಸಣ್ಣದಲ್ಲ. ಹಲ್ಲುಗಳ ನಡುವೆ ಬಿರುಕು, ಕಿತ್ತ ದಾರ ಕಂಡರೆ ಬೆಲೆ ಎಷ್ಟೇ ಇಳಿದರೂ ಬೇಡ.

ಉಡುಪು ತಂದು ಬೆಂಗಳೂರಿನ ಮನೆಯಲ್ಲಿ ಇಡುವವರಿಗೆ ಇನ್ನೊಂದು ಸಂಗತಿ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಓಝೋನ್ ಲ್ಯಾಟೆಕ್ಸನ್ನು ಬಿರುಕು ಬಿಡಿಸುತ್ತವೆ. ಆದ್ದರಿಂದ ಸಿಹಿನೀರಿನಲ್ಲಿ ತೊಳೆದು, ತಾರಸಿಯ ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಬೇಕು. ಸುಗಂಧವಿಲ್ಲದ ಟಾಲ್ಕಂ ಪುಡಿ ಸವರಬೇಕು. ಲೋಹದ ಝಿಪ್ಪಿಗೆ ಹೊರಗಿನಿಂದ ಮೇಣ ಉಜ್ಜಿ, ಅದನ್ನು ಎಲ್ಲಿಯೂ ಚೂಪಾಗಿ ಮಡಿಸದೆ ಸುರುಳಿ ಸುತ್ತಿಡಬೇಕು. ಪಟ್ಟಿ ಬಿಗಿಯಾಯಿತೆಂದು ನಮ್ಮ ಮನೆಗಳ ಸರ್ವರೋಗ ನಿವಾರಕವಾದ ಕೊಬ್ಬರಿ ಎಣ್ಣೆಯನ್ನು ಮಾತ್ರ ಹಚ್ಚಬೇಡಿ. ಎಣ್ಣೆ ಲ್ಯಾಟೆಕ್ಸಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಮುಂದಿನ ಸಲ ತಲೆ ತೂರಿಸುವಾಗ ಪಟ್ಟಿ ಕೈಗೇ ಬರುತ್ತದೆ.